ಅಕ್ಕನ ಎದೆಯಲ್ಲಿ ಬೆಳೆದ ಬೂಷ್ಟು

ಮೊನ್ನೆ ನಮ್ಮ ಶಾಲೆಯ ಕೈತೋಟಕ್ಕೆಂದು ಊರಿನವರೊಬ್ಬರು ಟ್ರ್ಯಾಕ್ಟರಿನಲ್ಲಿ ಗೊಬ್ಬರದ ಮಣ್ಣು ತಂದು ಅಂಗಳದಲ್ಲಿ ಸುರಿಸಿದರು. ಉದುರಿದ ಎಲೆಯ ದರಗು ಕೊಳೆತು ಕಪ್ಪಾಗಿದ್ದ, ಒಳಗಿನ್ನೂ ಬಿಸಿ ಆರದ ಮಣ್ಣು. ಸುರಿದ ರಭಸಕ್ಕೆ ತೆಳ್ಳಗೆ ಧೂಳೆದ್ದಿತು. ನಾಲ್ಕನೇ ತರಗತಿಯ ಮಕ್ಕಳು ಹೋ ಎಂದು ರಾಶಿ ಹತ್ತಲು ಓಡಿದರು. ನಾನು ಕಿರುಚಿದ್ದಕ್ಕೆ ಮಕ್ಕಳಷ್ಟೇ ಅಲ್ಲ, ಟ್ರ್ಯಾಕ್ಟರಿನವನೂ ಬೆಚ್ಚಿ ನಿಂತ. ಹೆಡ್ ಮಾಸ್ಟರು ಹೊರಗೆ ಬಂದು, “ಮಣ್ಣಲ್ವಾ ಟೀಚರ್, ಆಡ್ಲಿ ಬಿಡಿ” ಎಂದರು. ಆಡಬಹುದು ಎನ್ನುವುದು ನನಗೂ ಗೊತ್ತಿತ್ತು. ಆ ಮಕ್ಕಳ ಎದೆಗೆ ಅದರಿಂದ ಏನೂ ಆಗುವುದಿಲ್ಲ ಎನ್ನುವುದೂ ಗೊತ್ತಿತ್ತು. ಆದರೆ ಆ ವಾಸನೆ ಮೂಗಿಗೆ ಬಂದಿತ್ತು. ಅದು ನನ್ನ ಅಕ್ಕನ ಸೆರಗಿನ ವಾಸನೆ. ಅವಳು ತೀರಿಕೊಂಡ ವರ್ಷದ ವಾಸನೆ.

ಸರೋಜಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದವಳು. ಅವಳನ್ನು ಹುಂಚದಿಂದ ತೀರ್ಥಹಳ್ಳಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಗೆ ಕೊಟ್ಟಿತ್ತು. ಭಾವನಿಗೆ ಆಗ ಇದ್ದದ್ದು ಮನೆ ಹಿಂದಿನ ಒಂದು ತುಂಡು ಗದ್ದೆ, ಮುಂದೆ ರಸ್ತೆಗೆ ತಾಗಿದ ಒಂದು ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಅಕ್ಕ ನರ್ಸರಿ ಮಾಡಿದಳು. ಕಾಳುಮೆಣಸಿನ ಬಳ್ಳಿ, ಕಾಫಿ, ಜಾಯಿಕಾಯಿ, ಅಡಿಕೆ ಸಸಿ ಎಲ್ಲ ಇದ್ದವು. ಆದರೆ ಹೆಸರು ತಂದುಕೊಟ್ಟದ್ದು ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಕಸಿ ಗಿಡ. ಹೊಳೆದಂಡೆಯ ಯಾವ ಮರದ ಮಿಡಿಗೆ ಜೀರಿಗೆ ಪರಿಮಳ, ಯಾವುದು ಉಪ್ಪಿನಲ್ಲಿ ಎಷ್ಟು ವರ್ಷ ಗಟ್ಟಿ ಇರುತ್ತದೆ ಎಂದು ನೋಡಿ, ಆ ಮರದ ಕುಡಿ ತಂದು ಕಸಿ ಕಟ್ಟುತ್ತಿದ್ದಳು. ಸಾಗರದಿಂದ, ಹೊಸನಗರದಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಅವಳದು ದೊಡ್ಡ ಗಂಟಲು. ರಸ್ತೆಯ ಆಚೆ ಬಸ್ ಇಳಿದವರ ಹತ್ತಿರ ಈಚೆಯಿಂದಲೇ ಮಾತು ಶುರು ಮಾಡುತ್ತಿದ್ದಳು. ನಗಲು ಶುರು ಮಾಡಿದರಂತೂ ನಿಲ್ಲಿಸುವವರಿಲ್ಲ. ಭಾವ ಮಾತಿಲ್ಲದ ಮನುಷ್ಯ. ಲಗೇಜ್ ಆಟೊದಲ್ಲಿ ಸಸಿ ತುಂಬಿಕೊಂಡು ಹೋಗಿ ಕೊಟ್ಟು ಬರುವುದು ಅವನ ಕೆಲಸ. ಇಬ್ಬರಿಗೂ ಸೇರಿ ಮಾತಾಡುವುದು ಅಕ್ಕನ ಕೆಲಸ.

ಮದುವೆಗೆ ಮುಂಚೆ ಅಕ್ಕನಿಗೆ ಟಿ.ಬಿ. ಆಗಿತ್ತು. ನಾನಾಗ ಪ್ರೈಮರಿ ಶಾಲೆಯ ಹುಡುಗಿ. ಅವಳ ತಟ್ಟೆ ಲೋಟ ಬೇರೆ ಇಟ್ಟಿದ್ದರು. ನನಗೆ ಅವಳ ಹತ್ತಿರ ಮಲಗಲು ಬಿಡುತ್ತಿರಲಿಲ್ಲ ಎಂದು ಅತ್ತದ್ದು ನೆನಪಿದೆ. ಮಾತ್ರೆ ಪೂರ್ತಿ ತೆಗೆದುಕೊಂಡಳು, ಗುಣವಾಯಿತು. ಮೈ ತುಂಬಿಕೊಂಡಳು, ಮದುವೆಯಾಯಿತು, ಸಿಂಚನ ಹುಟ್ಟಿದಳು. ಆ ಕಾಯಿಲೆ ಎಡಗಡೆಯ ಶ್ವಾಸಕೋಶದಲ್ಲಿ ಒಂದು ಪೊಟರೆ ಬಿಟ್ಟುಹೋಗಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಅಡಿಕೆ ತೋಟಗಳಿಗೆ ಎಲೆಚುಕ್ಕೆ ರೋಗ ಹೊಕ್ಕ ವರ್ಷಗಳಲ್ಲಿ ಒಂದು ವರ್ಷ ಅದು. ದೂರದಿಂದ ನೋಡಿದರೆ ಗುಡ್ಡದ ಬದಿಯ ತೋಟಗಳು ಬೆಂಕಿ ಸೋಕಿದ ಹಾಗೆ ಕಾಣುತ್ತಿದ್ದವು. ಎಲ್ಲರ ಬಾಯಲ್ಲೂ ಔಷಧಿಯದೇ ಮಾತು. ಅಕ್ಕನ ನರ್ಸರಿಯಲ್ಲೂ ಸಸಿಗಳಿಗೆ ಔಷಧಿ ಹೊಡೆಯದೆ ವಿಧಿ ಇರಲಿಲ್ಲ. ಚುಕ್ಕೆ ಬಿದ್ದ ಸಸಿಯನ್ನು ಯಾರು ಒಯ್ಯುತ್ತಾರೆ? ಬೆನ್ನಿಗೆ ಪಂಪು ಕಟ್ಟಿಕೊಂಡು ಅವಳೇ ಹೊಡೆಯುತ್ತಿದ್ದಳು.

ಆ ವರ್ಷದ ಸಂಕ್ರಾಂತಿ ಕಳೆದ ಮೇಲೆ ಕೆಮ್ಮು ಶುರುವಾಯಿತು. ಫೋನಿನಲ್ಲಿ ಕೇಳಿದರೆ, “ಎಂತದೂ ಇಲ್ಲ ಮಾರಾಯ್ತಿ, ಧೂಳು” ಎನ್ನುತ್ತಿದ್ದಳು. ಶಿವರಾತ್ರಿಯ ರಜೆಗೆ ಹೋದಾಗ ನೋಡಿದೆ. ರವಿಕೆ ತೋಳು ಸಡಿಲವಾಗಿತ್ತು. ಕಸಿ ಕಟ್ಟಲು ಕೂತವಳು ಮಧ್ಯೆ ಎದ್ದು ಹೋಗಿ ಬಚ್ಚಲಲ್ಲಿ ಕೆಮ್ಮಿದಳು. ಹಿಂದೆಯೇ ಹೋದೆ. ಕಲ್ಲಿನ ಮೇಲೆ ರಕ್ತವಿತ್ತು. ಅವಳು ಚೊಂಬಿನಿಂದ ನೀರು ಹೊಯ್ಯುತ್ತಾ, “ಸಿಂಚನಂಗೆ ಹೇಳ್ಬೇಡ, ಪರೀಕ್ಷೆ ಇದೆ ಅದಕ್ಕೆ” ಎಂದಳು.

ಸಿಂಚನ ಸಾಗರದಲ್ಲಿ ನನ್ನ ಮನೆಯಲ್ಲೇ ಇದ್ದು ಡಿಗ್ರಿ ಓದುತ್ತಿದ್ದಳು. ನಾನು ಹೇಳಲಿಲ್ಲ. ಆದರೆ ಎಷ್ಟು ದಿನ?

ಮೊದಲು ತೋರಿಸಿದಲ್ಲಿ ಹಳೇ ಕಾಯಿಲೆಯೇ ಮರುಕಳಿಸಿರಬೇಕು ಎಂದರು. ಹಿಂದೆ ಟಿ.ಬಿ. ಆದವಳು, ರಕ್ತ ಕೆಮ್ಮುತ್ತಾಳೆ, ಇಳಿದುಹೋಗಿದ್ದಾಳೆ. ಯಾರಿಗಾದರೂ ಹಾಗೇ ಅನಿಸಬೇಕು. ಮತ್ತೆ ಅದೇ ಮಾತ್ರೆ. ಹೋಳಿ ಹೋಯಿತು, ಯುಗಾದಿ ಹೋಯಿತು, ಕೆಮ್ಮು ಹೋಗಲಿಲ್ಲ. ಕೊನೆಗೆ ಆಗುಂಬೆ ಘಾಟಿ ಇಳಿದು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಿರುವು ತಿರುವಿಗೂ ಅಕ್ಕ ಕಣ್ಣು ಮುಚ್ಚಿ ನನ್ನ ಕೈ ಹಿಡಿದಿದ್ದಳು. ಕೈ ಹಗುರವಾಗಿತ್ತು.

ಅಲ್ಲಿಯ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಸಮಾಧಾನದವರು. ಸ್ಕ್ಯಾನಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿ ವಿವರಿಸಿದರು. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಗೂಡು, ಗೂಡಿನೊಳಗೆ ಒಂದು ಉಂಡೆ.

“ಇದು ಟಿ.ಬಿ. ಅಲ್ಲ ಅಮ್ಮ. ಟಿ.ಬಿ. ಮಾಡಿಟ್ಟು ಹೋದ ಖಾಲಿ ಜಾಗದಲ್ಲಿ ಫಂಗಸ್ ಬೆಳೆದಿದೆ. ಆಸ್ಪರ್ಜಿಲಸ್ ಅಂತ ಹೆಸರು.”

“ಅಂದ್ರೆ?” ಎಂದಳು ಅಕ್ಕ.

“ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿಗೆ, ಬ್ರೆಡ್ಡಿಗೆ ಹಿಡಿಯುತ್ತಲ್ಲ, ಆ ಜಾತಿಯದ್ದೇ.”

ಅಕ್ಕ ನಕ್ಕುಬಿಟ್ಟಳು. “ಉಪ್ಪಿನಕಾಯಿ ಜಾಡಿಗೆ ಒಂದ್ ವರ್ಷನೂ ಬೂಷ್ಟು ಬರಕ್ಕೆ ಬಿಟ್ಟೋಳಲ್ಲ ನಾನು. ಎದೆಗೆ ಬಂತಾ?” ನಗು ಕೆಮ್ಮಾಗಿ ತಿರುಗಿತು. ಡಾಕ್ಟರಮ್ಮ ನೀರು ಕೊಟ್ಟರು.

ಅದು ಎಲ್ಲ ಕಡೆಯ ಗಾಳಿಯಲ್ಲೂ ಇರುತ್ತದೆ, ಕೊಳೆತ ಎಲೆಯಲ್ಲಿ, ಗೊಬ್ಬರದಲ್ಲಿ ಹೆಚ್ಚು, ನಾವೆಲ್ಲರೂ ದಿನಾ ಉಸಿರಿನಲ್ಲಿ ಎಳೆದುಕೊಳ್ಳುತ್ತೇವೆ, ಆರೋಗ್ಯವಾಗಿರುವ ಎದೆ ಅದನ್ನು ಉಳಿಯಲು ಬಿಡುವುದಿಲ್ಲ ಎಂದು ಅವರು ಹೇಳಿದರು. ಅಕ್ಕ ಕೇಳಿದ್ದು ಒಂದೇ. “ನನ್ನಿಂದ ಮಗಳಿಗೆ ಬರುತ್ತಾ?” “ಇಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟಲ್ಲ.” ಅಕ್ಕನ ಮುಖದಲ್ಲಿ ಅಷ್ಟು ನಿರಾಳ ನಾನು ಬಹಳ ದಿನದಿಂದ ಕಂಡಿರಲಿಲ್ಲ. “ಹಾಗಾದ್ರೆ ತಟ್ಟೆ ಲೋಟ ಬೇರೆ ಇಡೋದು ಬ್ಯಾಡ” ಎಂದು ನನ್ನ ಕಡೆ ತಿರುಗಿ ಹೇಳಿದಳು.

ಆಪರೇಷನ್ ಮಾಡಿ ಆ ಭಾಗ ತೆಗೆಯಬಹುದಿತ್ತು, ಉಳಿದ ಶ್ವಾಸಕೋಶ ಗಟ್ಟಿ ಇದ್ದಿದ್ದರೆ. ಅದೂ ಸವೆದಿತ್ತು. ಹಾಗಾಗಿ ಮಾತ್ರೆ, ತಿಂಗಳುಗಟ್ಟಲೆ. ಮತ್ತೆ ಮಣ್ಣು, ಗೊಬ್ಬರ, ದರಗಿನ ಹತ್ತಿರ ಹೋಗುವಂತಿಲ್ಲ. ಅಕ್ಕ ಘಾಟಿ ಹತ್ತುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಆ ಮಳೆಗಾಲ ಅವಳು ಸಾಗರದಲ್ಲಿ ನನ್ನ ಮನೆಯಲ್ಲಿದ್ದಳು. ಪೇಟೆಯ ಮಧ್ಯೆ, ಮಹಡಿಯ ಮೇಲಿನ ಬಾಡಿಗೆ ಮನೆ. ಸುತ್ತ ಒಂದು ಹಿಡಿ ಮಣ್ಣಿಲ್ಲ. ನಮ್ಮ ಬಾಲ್ಯದ ನಂತರ ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಅದೇ ಮೊದಲು. ಕ್ಯಾಪ್ಸೂಲ್ ತೆಗೆದುಕೊಂಡ ಮೇಲೆ ಜ್ವರ ಬಿಟ್ಟಿತು, ಅನ್ನ ಸೇರತೊಡಗಿತು. ಮಳೆ ಹಿಡಿದ ಮೇಲೆ ಮುಗ್ಗಲು ಬರಬಾರದೆಂದು ನಾನು ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿ ಒಣಗಿಸುತ್ತಿದ್ದೆ, ಗೋಡೆಯ ಮೂಲೆ ಮೂಲೆ ಒರೆಸುತ್ತಿದ್ದೆ. ಅಕ್ಕ ನೋಡಿ, “ಸಾಕೇ, ಗೋಡೆ ಸವೆದ್ರೆ ಓನರ್ ಬೈತಾರೆ” ಎನ್ನುತ್ತಿದ್ದಳು.

ಅವಳ ದಿನ ಶುರುವಾಗುತ್ತಿದ್ದದ್ದು ಭಾವನ ವಿಡಿಯೋ ಕಾಲ್‌ನಿಂದ. ಕಸಿ ಕಟ್ಟುವುದನ್ನು ಫೋನಿನಲ್ಲೇ ಅವನಿಗೆ ಕಲಿಸುತ್ತಿದ್ದಳು.

“ಚೂರಿ ಓರೆ ಹಿಡೀರಿ. ಓರೆ ಅಂದ್ನಲ್ಲ! ಅದೆಂತ ಬದ್ನೆಕಾಯಿ ಹೆಚ್ಚಿದ ಹಾಗೆ?”

“ಹ್ಞೂಂ.”

“ಹ್ಞೂಂ ಅಲ್ಲ, ಕುಡಿ ತೋರಿಸ್ರಿ. ಗಟ್ಟಿ ಕಟ್ರಿ. ಗಾಳಿ ಹೋಗ್ಬಾರ್ದು.”

“ನೀ ಬಂದ್ಮೇಲೆ ಕಟ್ಟು” ಎಂದ ಒಂದು ದಿನ ಭಾವ. ಮಾತಿಲ್ಲದ ಮನುಷ್ಯ ಅಷ್ಟು ಹೇಳಿ ಫೋನು ಕೆಳಗಿಟ್ಟ. ಪರದೆಯ ತುಂಬ ಹಸಿರು ನೆರಳುಬಲೆ ಮಾತ್ರ ಕಾಣುತ್ತಿತ್ತು. ಅಕ್ಕ ಅದನ್ನೇ ನೋಡುತ್ತಾ ತುಂಬ ಹೊತ್ತು ಕೂತಿದ್ದಳು.

ಸಂಜೆ ಸಿಂಚನ ಕಾಲೇಜಿನಿಂದ ಬಂದ ಮೇಲೆ ಮೂವರೂ ಒಂದೇ ತಟ್ಟೆಯಿಂದ ಮಂಡಕ್ಕಿ ತಿನ್ನುತ್ತಿದ್ದೆವು. ಅಕ್ಕ ನನ್ನ ಬಾಲ್ಯದ ಮಾನ ಕಳೆಯುವ ಕತೆಗಳನ್ನೆಲ್ಲ ಮಗಳಿಗೆ ಹೇಳಿ ನಗಿಸುತ್ತಿದ್ದಳು. ಗುಣವಾಗುತ್ತಿದ್ದಾಳೆ ಎಂದೇ ನಾವು ನಂಬಿದ್ದೆವು. ಈಗ ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಆ ಕೆಲವು ವಾರಗಳ ಸಂತೋಷದ ನೆನಪೇ.

ಆಷಾಢ ಮುಗಿಯುವ ಹೊತ್ತಿಗೆ ಮತ್ತೆ ರಕ್ತ ಬಂತು. ಈ ಸಲ ಕರವಸ್ತ್ರ ತೊಯ್ಯುವಷ್ಟು. ಮತ್ತೆ ಘಾಟಿ ಇಳಿದೆವು. ಡಾಕ್ಟರಮ್ಮ ಕಫವನ್ನು ಪರೀಕ್ಷೆಗೆ ಹೊರಗಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ, ಅಲ್ಲಿಯವರೆಗೆ ಎಂದು ಇನ್ನೂ ಬಲವಾದ ಬೇರೆ ಮಾತ್ರೆ ಕೊಟ್ಟರು. ಅದನ್ನು ನುಂಗಿದ ಸ್ವಲ್ಪ ಹೊತ್ತಿಗೆ ಅಕ್ಕನ ಕಣ್ಣು ಆಟವಾಡತೊಡಗುತ್ತಿತ್ತು. ಟ್ಯೂಬ್‌ಲೈಟಿನ ಸುತ್ತ ಬಣ್ಣ ಕಾಣುತ್ತದೆ, ಗೋಡೆ ನೀರಿನ ಹಾಗೆ ಅಲುಗುತ್ತದೆ ಎನ್ನುತ್ತಿದ್ದಳು. “ಲಲಿತಾ, ನಿನ್ನ ತಲೆ ಸುತ್ತ ದೇವರ ಫೋಟೋಗೆ ಇರೋ ಹಾಗೆ ಬೆಳಕಿದೆ ಕಣೇ” ಎಂದು ನಕ್ಕಿದ್ದಳು. ಔಷಧಿ ಹಾಗೆ ಮಾಡುವುದುಂಟು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಮಾತ್ರೆಯ ಡಬ್ಬಿಯೊಳಗಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದಳು.

“ಇದ್ರ ಹೆಸರು ಓದು.”

“ವೊರಿಕೊನಜೋಲ್.”

“ಮೊದ್ಲು ತಗೊಂಡಿದ್ದು?”

“ಇಟ್ರಾಕೊನಜೋಲ್.”

“ನಾ ಸಸಿಗೆ ಹೊಡಿತಿದ್ದದ್ದು ಪ್ರೊಪಿಕೊನಜೋಲ್” ಎಂದಳು. “ಅದಕ್ ಮುಂಚೆ ಟೆಬುಕೊನಜೋಲ್. ಎಲ್ಲಾ ಒಂದೇ ಮನೆತನದವ್ರ ಹಾಗೆ ಕಾಣ್ತಾವಲ್ಲೇ.”

ಹೆಸರು ಒಂದೇ ರೀತಿ ಇದ್ದರೆ ಏನಾಯಿತು, ಊರಿನಲ್ಲಿ ಎಷ್ಟು ಜನ ಮಂಜುನಾಥ ಇಲ್ಲವಾ ಎಂದು ನಾನು ತೇಲಿಸಿದೆ. ಅವಳು ಒಪ್ಪಲಿಲ್ಲ. ಹಾಳೆಯನ್ನು ಮಡಚಿ ದಿಂಬಿನ ಕೆಳಗಿಟ್ಟಳು.

ಪರೀಕ್ಷೆಯ ಫಲಿತಾಂಶ ಬಂದಾಗ ಭಾದ್ರಪದ. ಗೌರಿ ಹಬ್ಬಕ್ಕೆ ಪೇಟೆಯಲ್ಲಿ ಹೂವಿನ ರಾಶಿ ಬಿದ್ದಿತ್ತು. ನಾವು ಆಸ್ಪತ್ರೆಯಲ್ಲಿದ್ದೆವು. ಡಾಕ್ಟರಮ್ಮ ಕುರ್ಚಿಯನ್ನು ಎಳೆದುಕೊಂಡು ಅಕ್ಕನ ಮಂಚದ ಹತ್ತಿರವೇ ಕೂತರು. ಹಾಗೆ ಕೂತಾಗಲೇ ನನಗೆ ಭಯವಾಯಿತು.

“ನಿಮ್ಮ ಎದೆಯಲ್ಲಿರೋ ಫಂಗಸ್ಸಿಗೆ ಈ ಎರಡೂ ಮಾತ್ರೆ ತಾಗ್ತಾ ಇಲ್ಲ. ಅದು ಇವನ್ನ ತಡ್ಕೊಳ್ಳೋ ಶಕ್ತಿ ಬೆಳೆಸ್ಕೊಂಡಿದೆ.”

“ಎಲ್ಲಿ ಬೆಳೆಸ್ಕೊಳ್ತು?” ಎಂದಳು ಅಕ್ಕ. “ನಾ ಹೊಡಿತಿದ್ದ ಔಷಧಿನೂ ಕೊನಜೋಲೇ. ಎರಡೂ ಒಂದೇನಾ?”

ಡಾಕ್ಟರಮ್ಮ ಸುಳ್ಳು ಹೇಳುವವರಲ್ಲ. “ಒಂದೇ ಅಲ್ಲ, ಒಂದೇ ವಂಶ. ಗಿಡಕ್ಕೆ ಆ ಔಷಧಿ ಹೊಡೆದಾಗ ಮಣ್ಣಿನಲ್ಲಿರೋ ಈ ಬೂಷ್ಟಿಗೂ ತಾಗುತ್ತೆ. ಬಹಳಷ್ಟು ಸಾಯುತ್ತೆ. ಸಾಯದೆ ಉಳಿದದ್ದು ಮಾತ್ರ ಬೆಳೀತಾ ಹೋಗುತ್ತೆ. ಅದು ಗಾಳಿಗೆ ಬಂದು ಮನುಷ್ಯರ ಎದೆಗೆ ಹೋದ್ರೆ ನಮ್ಮ ಮಾತ್ರೆನೂ ನಡೆಯಲ್ಲ. ಜಗತ್ತಿನ ಬೇರೆ ಬೇರೆ ಕಡೆ ಹೀಗಾಗ್ತಿದೆ.”

“ಹಾಗಾದ್ರೆ ನಾನೇ ಕಲಿಸಿದ್ನಾ ಅದಕ್ಕೆ?”

ಆ ಪ್ರಶ್ನೆ ಕೇಳಿದ ಅವಳ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ. ಅಪರಾಧ ಮಾಡಿದ ಮಗುವಿನ ಮುಖ. ಅವಳು ಮಾಡಿದ್ದೇನು? ಸಸಿಗಳು ಬದುಕಲಿ ಎಂದು ನೋಡಿದಳು. ಅಂಗಡಿಯಲ್ಲಿ ಕೊಟ್ಟದ್ದನ್ನು, ಎಲ್ಲರೂ ಹೊಡೆಯುವುದನ್ನು, ಅವಳೂ ಹೊಡೆದಳು. ಹೊಡೆಯದಿದ್ದರೆ ಬೇರೆ ದಾರಿ ಏನೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

“ಹಾಗಲ್ಲಮ್ಮ” ಎಂದು ಡಾಕ್ಟರಮ್ಮ ಅವಳ ಕೈ ಹಿಡಿದರು. “ನಿಮ್ಮ ನರ್ಸರಿಯದ್ದೇ ಅಂತ ಯಾರೂ ಹೇಳಕ್ಕಾಗಲ್ಲ. ಗಾಳಿ ಎಷ್ಟು ದೂರದಿಂದ ತರುತ್ತೋ. ಯಾವ ತೋಟದ್ದೋ, ಯಾವ ಊರಿಂದೋ. ನೀವು ತಪ್ಪು ಮಾಡಿಲ್ಲ.”

ಅಕ್ಕ ತಲೆಯಾಡಿಸಿದಳು. ನಂಬಲಿಲ್ಲ. ಅಂದಿನಿಂದ ಅವಳ ಮಾತು ಕಡಿಮೆಯಾಯಿತು. ಬರೇ ಉಸಿರಿನ ಕಷ್ಟದಿಂದ ಅಲ್ಲ.

ಇನ್ನೊಂದು ಔಷಧಿ ಉಳಿದಿತ್ತು. ಬೇರೆ ವಂಶದ್ದು. ಡ್ರಿಪ್ ಮೂಲಕ ರಕ್ತಕ್ಕೆ ಕೊಡುವುದು. ಅದು ಹನಿ ಹನಿಯಾಗಿ ಇಳಿಯಲು ಶುರುವಾದ ಮೇಲೆ ಅವಳಿಗೆ ಚಳಿ ಬರುತ್ತಿತ್ತು. ಎಂಥ ಚಳಿ ಎಂದರೆ ಮಂಚ ಗಡಗಡ ಅಲುಗುತ್ತಿತ್ತು. ಭಾವ ನರ್ಸರಿಗೆ ಬೀಗ ಹಾಕಿ ಬಂದಿದ್ದ. ಕಂಬಳಿಯ ಮೇಲಿಂದ ಅವಳನ್ನು ಅವುಚಿ ಹಿಡಿದು, ಅವಳ ಜೊತೆಗೆ ತಾನೂ ಅಲುಗುತ್ತಾ ಕೂರುತ್ತಿದ್ದ. ಸಿಂಚನ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಕೆಮ್ಮು ಸ್ವಲ್ಪ ತಗ್ಗಿತು. ಆದರೆ ಕಿಡ್ನಿ ಸೋಲತೊಡಗಿತು, ಪಾದ ಊದಿಕೊಂಡವು. ನಿಲ್ಲಿಸಬೇಕಾಯಿತು.

“ಮುಂದೆ ಎಂತ?” ಎಂದು ಅಕ್ಕನೇ ಕೇಳಿದಳು. ಡಾಕ್ಟರಮ್ಮ, ಸ್ವಲ್ಪ ಸುಧಾರಿಸಿಕೊಂಡು ಬನ್ನಿ, ಮತ್ತೆ ನೋಡೋಣ ಎಂದರು. ಅಕ್ಕ ಭಾವನ ಕಡೆ ತಿರುಗಿ, “ಮನೆಗೆ ಹೋಗಣ” ಎಂದಳು. ಯಾವ ಮನೆ ಎಂದು ನಾವ್ಯಾರೂ ಕೇಳಲಿಲ್ಲ.

ಅವಳು ಊರಿಗೆ ಬಂದಾಗ ಮಳೆ ಹಿಂದೆ ಸರಿದಿತ್ತು. ಮನೆ ಹಿಂದಿನ ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿತ್ತು. ಭೂಮಿ ಹುಣ್ಣಿಮೆ ಹತ್ತಿರವಿತ್ತು. ನಮ್ಮ ಸೀಮೆಯಲ್ಲಿ ಆ ದಿನ ಭೂಮಿತಾಯಿ ಬಸುರಿ. ಬೆಳಕು ಹರಿಯುವ ಹೊತ್ತಿಗೆ ಗದ್ದೆಗೆ ಹೋಗಿ ಬಯಕೆಯ ಊಟ ಬಡಿಸಿ ಬರಬೇಕು. ಅಷ್ಟು ವರ್ಷ ಅದನ್ನು ಮಾಡಿದವಳು ಅಕ್ಕ. ಈ ಸಲ ಅಡುಗೆ ನಾನು ಮತ್ತು ಸಿಂಚನ ಮಾಡಿದೆವು. ಅಕ್ಕ ಒಳಗೆ ಮಂಚದ ಮೇಲಿಂದಲೇ, ಯಾವ ಸೊಪ್ಪು ಬೆರೆಸಬೇಕು, ಕಡುಬಿಗೆ ಎಷ್ಟು ಉಪ್ಪು ಎಂದು ಉಸಿರು ತೆಗೆದುಕೊಳ್ಳುತ್ತಾ ಹೇಳುತ್ತಿದ್ದಳು.

ಹೊರಡುವಾಗ ಎದ್ದು ಕೂತಳು. “ನಾನೂ ಬರ್ತೀನಿ.”

“ಬ್ಯಾಡಮ್ಮ, ಡಾಕ್ಟ್ರು ಮಣ್ಣಿಗೆ ಹೋಗ್ಬೇಡಿ ಅಂದಿದ್ದಾರೆ” ಎಂದಳು ಸಿಂಚನ.

“ಇನ್ನೆಂತ ಆಗ್ಬೇಕಿದೆ ಪುಟ್ಟಿ?” ಎಂದಳು ಅಕ್ಕ. ಬೇಸರದಿಂದಲ್ಲ, ಮೆತ್ತಗೆ.

ಭಾವ ಏನೂ ಹೇಳದೆ ಬಗ್ಗಿ ಅವಳನ್ನು ಎತ್ತಿಕೊಂಡ. ಮಗುವನ್ನು ಎತ್ತಿದಷ್ಟೇ ಸುಲಭವಾಗಿ. ಮಂಜಿನಲ್ಲಿ ಗದ್ದೆಯ ಅಂಚಿನ ಮೇಲೆ ನಡೆದೆವು. ಅಲ್ಲಿ ಅವಳನ್ನು ಇಳಿಸಿದಾಗ ಬರಿಗಾಲಿನಲ್ಲಿ ನಿಂತಳು. ಊದಿದ ಪಾದ ಕೆಸರಿನಲ್ಲಿ ಸ್ವಲ್ಪ ಹೂತವು. ಬಾಳೆ ಎಲೆಯಿಂದ ಒಂದು ತುತ್ತು ತೆಗೆದು ಪೈರಿನ ಬುಡಕ್ಕೆ ಇಟ್ಟು, ಅಲ್ಲೇ ಕೂತು ಅಂಗೈಯನ್ನು ನೆಲಕ್ಕೆ ಊರಿದಳು. ತುಟಿ ಅಲುಗುತ್ತಿತ್ತು. ಕೇಳಬಾರದೆಂದುಕೊಂಡರೂ ನನಗೆ ಕೇಳಿಸಿತು. “ಗೊತ್ತಾಗ್ಲಿಲ್ಲಮ್ಮಾ. ನಿಂಗೆ ತಾಗುತ್ತೆ ಅಂತ ಗೊತ್ತಾಗ್ಲಿಲ್ಲ” ಎನ್ನುತ್ತಿದ್ದಳು.

ತನ್ನನ್ನು ಕೊಲ್ಲುತ್ತಿದ್ದ ಮಣ್ಣಿನ ಕ್ಷಮೆಯನ್ನು ಅವಳೇ ಕೇಳುತ್ತಿದ್ದಳು. ನಾನು ಭತ್ತದ ಕಡೆ ತಿರುಗಿ ಸೆರಗು ಬಾಯಿಗೆ ತುರುಕಿಕೊಂಡೆ.

ದೀಪಾವಳಿಗೆ ಕೆಲವು ದಿನ ಇರುವಾಗ, ಬೆಳಗ್ಗೆ, ಸಿಂಚನ ಅವಳಿಗೆ ತಲೆ ಬಾಚುತ್ತಿದ್ದಳು. ಕೂದಲು ತೆಳ್ಳಗಾಗಿದೆ, ಜಡೆ ಇಲಿ ಬಾಲದ ಹಾಗಿದೆ ಎಂದು ಅಕ್ಕ ಏನೋ ತಮಾಷೆ ಮಾಡಿದಳು. ತನ್ನ ಮಾತಿಗೆ ತಾನೇ ನಕ್ಕಳು. ಒಂದು ಕೆಮ್ಮು ಬಂತು. ಆಮೇಲೆ ಬಂದದ್ದು ರಕ್ತ, ನಿಲ್ಲದ ಹಾಗೆ. ಭಾವ ಅವಳನ್ನು ಹೊತ್ತು ಓಡಿದ. ಸಸಿ ಸಾಗಿಸುತ್ತಿದ್ದ ಅದೇ ಆಟೊದಲ್ಲಿ ಹಾಸಿಗೆ ಹಾಸಿ ಮಲಗಿಸಿದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅರ್ಧ ಹೆಣೆದ ಜಡೆ ನನ್ನ ಮುಷ್ಟಿಯಲ್ಲಿತ್ತು. ತೀರ್ಥಹಳ್ಳಿ ಸೇರುವ ಮುಂಚೆಯೇ ಉಸಿರು ನಿಂತಿತು. ಭಾವನಿಗೆ ಹೇಳಲು ನನ್ನಿಂದಾಗಲಿಲ್ಲ. ಅವನು ಹಾರ್ನ್ ಒತ್ತುತ್ತಲೇ ಇದ್ದ, ದಾರಿಯುದ್ದಕ್ಕೂ, ಆಸ್ಪತ್ರೆಯ ಬಾಗಿಲಿನವರೆಗೂ.

ಅಸ್ಥಿ ಬಿಡಲು ತುಂಗೆಗೆ ಹೋದೆವು. ಬೆಳಗಿನ ಬಿಸಿಲು, ನೀರು ತಿಳಿಯಾಗಿತ್ತು. ಭಟ್ಟರು ಹೇಳಿದ್ದನ್ನೆಲ್ಲ ಭಾವ ಮಾಡಿದ. ಮಡಕೆ ಹಿಡಿದು ಸೊಂಟದ ಮಟ್ಟದ ನೀರಿಗೆ ಇಳಿದ. ಬಿಡಿ ಎಂದರು. ಅವನು ಬಿಡಲಿಲ್ಲ. ಮತ್ತೊಮ್ಮೆ ಹೇಳಿದರು. ಮಡಕೆಯನ್ನು ಎದೆಗೆ ಒತ್ತಿಕೊಂಡು ಹರಿಯುವ ನೀರನ್ನೇ ನೋಡುತ್ತಾ ನಿಂತಿದ್ದ. ನಾನು ದಡದಿಂದ, “ಭಾವಾ” ಎಂದು ಕರೆದೆ.

ತಿರುಗಿ ನೋಡಿದ.

“ಅವಳಿಗೆ ಈಜು ಬರಲ್ಲ ಲಲಿತಾ” ಎಂದ.

ಸಿಂಚನ ಚಪ್ಪಲಿ ಬಿಟ್ಟು, ಬಟ್ಟೆ ನೆನೆಯುವುದನ್ನೂ ನೋಡದೆ ನೀರಿಗಿಳಿದಳು. ಅಪ್ಪನ ಪಕ್ಕ ನಿಂತು ಅವನ ಕೈಗಳ ಕೆಳಗೆ ತನ್ನ ಕೈ ಕೊಟ್ಟಳು. ಇಬ್ಬರೂ ಸೇರಿ ಮಡಕೆಯನ್ನು ನಿಧಾನವಾಗಿ, ನಿದ್ದೆ ಹೋದವರನ್ನು ಮಲಗಿಸುವ ಹಾಗೆ, ನೀರಿಗೆ ಇಳಿಸಿದರು.